ಹೆಬ್ಬೆರಳಿನ ಅಳತೆ

ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಅವರು ಒಂದು ನಿಮಿಷ ಹೊರಗೇ ನಿಲ್ಲುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊಡೆಯನ್ನು ಗೋಡೆಗೆ ಒರಗಿಸಿ, ಒಳಗಿನ ಮಬ್ಬನ್ನೇ ನೋಡುತ್ತ ನಿಲ್ಲುವರು. ಮೊದಲ ಸಲ ಕಂಡಾಗ ಯಾರನ್ನೋ ಕಾಯುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಅವರೇ ಹೇಳಿದರು: ಬಿಸಿಲಿನಿಂದ ಬಂದ ಕಣ್ಣಿಗೆ ಅಂಗಡಿಯೊಳಗೆ ಕಪ್ಪೂ ನೀಲಿಯೂ ಒಂದೇ, ಕಣ್ಣು ಒಗ್ಗುವ ತನಕ ಬಟ್ಟೆ ಮುಟ್ಟಬಾರದಂತೆ. ಒಗ್ಗಿದ ಮೇಲೂ ನಂಬುತ್ತಿರಲಿಲ್ಲ. ಆರಿಸಿದ ಥಾನನ್ನು ಹೊತ್ತುಕೊಂಡು ಬಾಗಿಲಿಗೆ ಬಂದು, ಬೆಳಕಿನಲ್ಲಿ ಬಿಚ್ಚಿ, ಒಂದು ಮೂಲೆಯನ್ನು ಅಂಗೈಯಲ್ಲಿ ತಿಕ್ಕಿ ಗಂಜಿಯ ಪುಡಿ ಉದುರುತ್ತದೋ ಎಂದು ನೋಡುವರು. ಉದುರಿದರೆ ಏನೂ ಹೇಳದೆ ಮಡಿಚಿ ವಾಪಸು ಇಡುವರು. ಅವರು ಹಾಗೆ ಮಡಿಚಿಟ್ಟ ಬಟ್ಟೆಯನ್ನು ಪಕ್ಕದಲ್ಲಿದ್ದ ಇನ್ನೊಬ್ಬ ಹೆಂಗಸೂ ಕೊಳ್ಳುತ್ತಿರಲಿಲ್ಲ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಆ ಹೆಸರಿಗೆ ಒಮ್ಮೆ ಮಸಿ ಬಳಿದವರಲ್ಲಿ ನಾನೂ ಒಬ್ಬ. ವಿರಾಜಪೇಟೆಯಲ್ಲಿ ಎಲ್ಲರೂ ಅವರನ್ನು ಹೊಲಿಗೆಯಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಅಕ್ಕನ ಗಂಡ ಹಾಸನದ ಕಡೆಯಿಂದ ಬಂದು ಇಲ್ಲಿ ಶಾಲೆ ಮೇಷ್ಟ್ರಾಗಿದ್ದವರು, ಜ್ವರದಲ್ಲಿ ಹೋದರು. ಅಕ್ಕ ಊರಿಗೆ ಮರಳಲಿಲ್ಲ. ಒಬ್ಬಳೇ ಮಗಳನ್ನು ಇಟ್ಟುಕೊಂಡು, ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು, ಕೈಮಿಷನ್ ಇಟ್ಟುಕೊಂಡು ರವಿಕೆ, ಲಂಗ, ಮಕ್ಕಳ ಅಂಗಿ ಹೊಲಿಯತೊಡಗಿದರು. ನಮ್ಮ ಮನೆಯವರೂ ಆ ಕಡೆಯಿಂದಲೇ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡಿದ್ದವರು. ಇಪ್ಪತ್ತೆರಡರ ವಯಸ್ಸಿನಲ್ಲಿ ನಾನು ವಿರಾಜಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಮಾತು ಕೇಳಿಯೇ ಅಕ್ಕ ನಮ್ಮ ಕಡೆಯವನೆಂದು ಗುರುತು ಹಿಡಿದರು. ಹಬ್ಬಕ್ಕೆ ಕರೆದು ಊಟ ಹಾಕಿದರು. ನನ್ನ ಅಂಗಿಯ ಕಾಲರು ಸವೆದಾಗ ಬಿಚ್ಚಿ, ತಿರುಗಿಸಿ ಹೊಲಿದುಕೊಟ್ಟರು.

ಅವರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಯಾರಾದರೂ ಏನಾದರೂ ಮಾರಲು ಬಂದರೆ ಅವರ ಕಣ್ಣು ಚುರುಕಾಗುತ್ತಿತ್ತು. ಒಮ್ಮೆ ಬಸ್ ನಿಲ್ಲುವ ಜಾಗದಲ್ಲಿ ಒಬ್ಬ ಗಂಟು ಹೊತ್ತು ಬಂದಿದ್ದ. ಸಿಂಗಾಪುರದ ರೇಷ್ಮೆ, ಹಡಗಿನಲ್ಲಿ ಕದ್ದು ತಂದದ್ದು, ಅದಕ್ಕೇ ಅರ್ಧ ಬೆಲೆ ಎಂದು ಪಿಸುಗುಟ್ಟುತ್ತಿದ್ದ. ಇಬ್ಬರು ಗಂಡಸರು ತನಗಿರಲಿ ತನಗಿರಲಿ ಎಂದು ಅದಕ್ಕಾಗಿ ಜಗಳಕ್ಕೇ ನಿಂತಿದ್ದರು. ಅದನ್ನು ಕಂಡು ಹೆಂಗಸರು ಸೆರಗಿನ ಗಂಟು ಬಿಚ್ಚುತ್ತಿದ್ದರು. ಅಕ್ಕ ಹತ್ತಿರ ಹೋಗಿ ಅಂಚಿನಿಂದ ಒಂದೇ ಒಂದು ಎಳೆ ಕೇಳಿದರು. ಅವನು ಕೊಟ್ಟ. ಬೆಂಕಿಪೊಟ್ಟಣ ಇದೆಯೇ ಎಂದು ಕೇಳಿದರು. ನಿಜವಾದ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಅದು ಕಾಗದದ ಹಾಗೆ ಭಗ್ಗೆಂದು ಉರಿದುಹೋಯಿತು. ಗಂಟಿನವನು ಹೊರಡಲಿದ್ದ ಕೇರಳದ ಬಸ್ಸು ಹತ್ತಿದ. ಜಗಳವಾಡುತ್ತಿದ್ದ ಇಬ್ಬರೂ ಅದೇ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂತರು. ನಿಮಗೆ ಮೊದಲೇ ಹೇಗೆ ಗೊತ್ತಾಯಿತು ಎಂದು ನಾನು ಕೇಳಿದ್ದಕ್ಕೆ ಅಕ್ಕ, "ಒಳ್ಳೆ ಮಾಲು ಇರೋನಿಗೆ ಅವಸರ ಇರಲ್ಲ ಕಣಪ್ಪ" ಅಂದರು.

ಅಂಥ ಕಣ್ಣಿದ್ದ ಅಕ್ಕ ನನ್ನನ್ನು ಮಾತ್ರ ಪರೀಕ್ಷಿಸಲಿಲ್ಲ. ನಮ್ಮ ಹುಡುಗ ಅಂದುಕೊಂಡರು.

ನಮ್ಮ ಅಂಗಡಿಯ ಗಜದ ಕೋಲು ಸರಿಯಾಗಿಯೇ ಇತ್ತು. ಸರ್ಕಾರದ ಮುದ್ರೆ ಬಿದ್ದ ಕಬ್ಬಿಣದ ಕೋಲು. ಮೋಸ ಇದ್ದದ್ದು ಕೈಯಲ್ಲಿ. ಬಟ್ಟೆಯನ್ನು ಸ್ವಲ್ಪ ಬಿಗಿಯಾಗಿ ಎಳೆದು ಹಿಡಿಯಬೇಕು. ಒಂದು ವಾರ, ಅಂದರೆ ಒಂದು ಗಜ, ಮುಗಿದ ಕಡೆ ಹೆಬ್ಬೆರಳು ಒತ್ತಿ, ಮುಂದಿನ ವಾರಕ್ಕೆ ಅದನ್ನು ಕೋಲಿನ ಈ ತುದಿಗೆ ತರುವಾಗ ಬೆರಳನ್ನು ಒಂದೂವರೆ ಇಂಚು ಹಿಂದಕ್ಕೆ ಜಾರಿಸಿಬಿಡಬೇಕು. ಅಳೆದ ಬಟ್ಟೆಯೇ ಇನ್ನೊಮ್ಮೆ ಅಳತೆಗೆ ಬರುತ್ತದೆ. ಬಾಯಲ್ಲಿ ಗಿರಾಕಿಯ ಹತ್ತಿರ ಮಳೆಯ ಸುದ್ದಿಯನ್ನೋ ಮಗುವಿನ ಸುದ್ದಿಯನ್ನೋ ಕೇಳುತ್ತಿರಬೇಕು. ಇದನ್ನು ಅಂಗಡಿಯ ಸಾಹುಕಾರರೇ ನನಗೆ ಕಲಿಸಿದರು. ಮೊದಮೊದಲು ಮೈ ಬೆವರುತ್ತಿತ್ತು. ಆರು ತಿಂಗಳಲ್ಲಿ ಬೆರಳು ತಾನಾಗಿ ಜಾರತೊಡಗಿತು. ಕೈ ಅಂದ್ರೆ ಇವನದು ಎಂದು ಸಾಹುಕಾರರು ಅಂಗಡಿಯ ಉಳಿದ ಇಬ್ಬರು ಕೆಲಸದವರಿಗೆ ತೋರಿಸಿ ಹೇಳುತ್ತಿದ್ದರು. ಕೆಲಸ ಹೋಗುವ ಭಯದಿಂದ ಹಾಗೆ ಮಾಡಿದೆ ಎಂದು ನಾನು ಬಹಳ ವರ್ಷ ನನಗೇ ಹೇಳಿಕೊಂಡಿದ್ದೇನೆ. ಭಯವೂ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಇದ್ದದ್ದು ಹೆಮ್ಮೆ.

ಕಕ್ಕಬೆಯ ಹತ್ತಿರ ಕಾಫಿ ತೋಟವಿದ್ದ ಒಬ್ಬ ಕೊಡವ ಅಮ್ಮನವರು ಮನೆಯ ಮದುವೆಗೆ ಆರು ಜನ ಹೆಂಗಸರಿಗೆ ಉದ್ದ ತೋಳಿನ ಜಾಕೆಟ್ಟು ಹೊಲಿಸಬೇಕೆಂದು ನಮ್ಮಲ್ಲಿ ಹನ್ನೆರಡು ವಾರ ಸ್ಯಾಟಿನ್ ಕೊಂಡರು. ದಾಳಿಂಬೆ ಬಣ್ಣದ್ದು. ಅಳೆದದ್ದು ನಾನು. ಅವರು ಜೀಪಿನಲ್ಲಿ ನೇರವಾಗಿ ಹೊಲಿಗೆಯಕ್ಕನ ಮನೆಗೆ ಹೋಗಿ ಕಟ್ಟನ್ನು ಹಾಗೆಯೇ ಕೊಟ್ಟು, ಅಳತೆಯ ಹಳೆಯ ಜಾಕೆಟ್ಟುಗಳನ್ನು ಕೊಟ್ಟು ಹೋದರು. ಅಕ್ಕ ಕಟ್ಟು ಬಿಚ್ಚಿದ್ದು ಎರಡು ದಿನ ಬಿಟ್ಟು, ನಾನಿರುವ ಅಂಗಡಿಯದೆಂದು ಅಳೆದೂ ನೋಡಲಿಲ್ಲ. ಐದು ಜಾಕೆಟ್ಟು ಕತ್ತರಿಸಿದ ಮೇಲೆ ಆರನೆಯದಕ್ಕೆ ತೋಳಿಗೆ ಬಟ್ಟೆ ಸಾಲಲಿಲ್ಲ. ಬಟ್ಟೆಯಲ್ಲೇ ಏನೋ ತಪ್ಪಾಗಿದೆ ಎಂದು ಗೊತ್ತಾದರೂ, ಕತ್ತರಿಸಿದ ಮೇಲೆ ತೋರಿಸಲು ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಮದುವೆ ಹತ್ತಿರ ಬಂದಿತ್ತು. ಕಂಕುಳಿನ ಕೆಳಗೆ ತುಂಡುಗಳನ್ನು ಜೋಡಿಸಿ, ಯಾರಿಗೂ ಕಾಣದ ಹಾಗೆ ಹೊಲಿದು, ತುಂಡು ಹಾಕಿದ ವಿಷಯವನ್ನು ಬಾಯಿಬಿಟ್ಟು ಹೇಳಿಯೇ ಕೊಡಬೇಕೆಂದು ಇದ್ದರಂತೆ. ಜಾಕೆಟ್ಟು ಒಯ್ಯಲು ಬಂದದ್ದು ತೋಟದ ಲೆಕ್ಕ ಬರೆಯುವ ರೈಟರ್. ಅವನ ಹತ್ತಿರ ಹೇಳಿ ಕಳುಹಿಸಿದ ಮಾತು ಅಮ್ಮನವರಿಗೆ ತಲುಪಲೇ ಇಲ್ಲ.

ಮದುವೆಯ ಮನೆಯಲ್ಲಿ ಆ ಜಾಕೆಟ್ಟು ತೊಟ್ಟವರು ಮೇಲಿನ ಸಾಮಾನು ಇಳಿಸಲು ಕೈ ಎತ್ತಿದಾಗ ಜೋಡಿಸಿದ ತುಂಡು ಎಲ್ಲರಿಗೂ ಕಂಡಿತು. ಹನ್ನೆರಡು ವಾರ ಕೊಟ್ಟಿದ್ದೆ, ಇದೇನು ಎಂದು ಅಮ್ಮನವರು ಕೇಳಿದರು. ಅಕ್ಕನೂ ಮಗಳೂ ಊಟಕ್ಕೆ ಬಂದಿದ್ದರು. ಎಲೆಯ ಮುಂದೆ ಕೂತಿದ್ದವರನ್ನು ಎಬ್ಬಿಸಿ ಕೇಳಿದರಂತೆ, ಅರ್ಧ ವಾರ ಬಟ್ಟೆ ಎಲ್ಲಿ ಹೋಯಿತು ಎಂದು. ಅಕ್ಕ ಮಗಳ ಕೈ ಹಿಡಿದುಕೊಂಡು ಎದ್ದು ಬಂದರು. ಬಸ್ಸು ಸಿಗದೆ ಬಹಳ ದೂರ ನಡೆದರು ಎಂದು ಆಮೇಲೆ ಕೇಳಿದೆ.

ಮರುದಿನ ಅವರು ಅಂಗಡಿಗೆ ಬಂದರು. ಹೊರಗೆ ನಿಲ್ಲಲಿಲ್ಲ, ನೇರ ಒಳಗೆ ಬಂದರು. ಸಾಹುಕಾರರು ಊರಲ್ಲಿರಲಿಲ್ಲ.

"ಸ್ಯಾಟಿನ್ ಅಳೆದದ್ದು ನೀನೇ ಅಲ್ವಾ?" ಅಂದರು.

"ಹೌದಕ್ಕ."

"ಹನ್ನೆರಡು ವಾರ ಇತ್ತಾ?"

"ಇತ್ತಕ್ಕ. ಸರಿಯಾಗೇ ಅಳೆದಿದ್ದೆ."

ಅವರು ನನ್ನ ಮುಖ ನೋಡಲಿಲ್ಲ. ಹಲಗೆಯ ಮೇಲಿದ್ದ ನನ್ನ ಕೈ ನೋಡಿದರು. ತೆಳು ಹತ್ತಿಯ ಮಲ್ಲು ಬಟ್ಟೆ ಮೂರು ವಾರ ಕೇಳಿದರು. ನಾನು ಆಗ ಪೂರಾ ಅಳೆದುಕೊಟ್ಟೆ. ಮಾರನೆಯ ದಿನ ಓಣಿಯ ಇನ್ನೊಬ್ಬ ಹೆಂಗಸಿನ ಕೈಯಲ್ಲಿ ಅದೇ ಮಲ್ಲು ಮೂರು ವಾರ ತರಿಸಿದರು. ಆ ಹೆಂಗಸು ಯಾರೆಂದು ನನಗೆ ಗೊತ್ತಿರಲಿಲ್ಲ, ಬೆರಳು ಎಂದಿನಂತೆ ಜಾರಿತು. ಎರಡನ್ನೂ ಪಕ್ಕ ಪಕ್ಕ ಹಾಸಿ ನೋಡಿದರಂತೆ.

ಸಾಹುಕಾರರು ಊರಿಗೆ ಬಂದ ಮೇಲೆ ಅಕ್ಕ ಎರಡೂ ತುಂಡು ತಂದು ತೋರಿಸಿದರು. ಸಾಹುಕಾರರು ನಗುತ್ತಲೇ, ನಾಲ್ಕು ಬೆರಳಗಲ ಬಟ್ಟೆ ಕತ್ತರಿಸಿಕೊಂಡು ಬಂದು ಕಡಿಮೆ ಅಂದರೆ ನಾನು ಯಾರಿಗೆ ಹೇಳಲಿ ತಾಯಿ, ಅಂದರು. ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು. ಕತ್ತರಿ ಇರುವುದು ದರ್ಜಿಯ ಕೈಯಲ್ಲಿ ಅಲ್ಲವೇ.

ಅಕ್ಕ ಮಡಿಕೇರಿಯ ಕಚೇರಿಗೆ ತಾವೇ ಕೈಯಾರೆ ದೂರು ಬರೆದು ಕಳುಹಿಸಿದರು. ಯಾವ ದಿನ, ಯಾವ ಬಟ್ಟೆ, ಎಷ್ಟು ಕೇಳಿದ್ದು, ಎಷ್ಟು ಇದ್ದದ್ದು, ಅಷ್ಟೇ. ಬೈಗುಳ ಇರಲಿಲ್ಲ ಎಂದು ತೂಕ ಅಳತೆಯ ಇನ್ಸ್‌ಪೆಕ್ಟರು ಆಮೇಲೆ ಹೇಳಿದ್ದರು. ಎರಡು ತಿಂಗಳು ಬಿಟ್ಟು ಅವರು ಬಂದರು. ವಯಸ್ಸಾದವರು, ನಿಧಾನಿ. ಹಿತ್ತಾಳೆಯ ಪ್ರಮಾಣದ ಕೋಲು ತಂದಿದ್ದರು. ಅಕ್ಕನನ್ನೂ ಕರೆಸಿದರು. ಅಂಗಡಿಯ ಮುಂದೆ ಜನ ಸೇರಿದರು.

ಇನ್ಸ್‌ಪೆಕ್ಟರು ನಮ್ಮ ಕೋಲನ್ನು ತಮ್ಮ ಕೋಲಿನ ಪಕ್ಕದಲ್ಲಿಟ್ಟು ನೋಡಿದರು. ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಐದು ವಾರ ಪಾಪ್ಲಿನ್ ಅಳೆಯಲು ಹೇಳಿದರು. ಸಾಹುಕಾರರು ನನ್ನ ಬೆನ್ನ ಹಿಂದೆ ನಿಂತಿದ್ದರು, ಎದುರಿಗೆ ಅಕ್ಕ. ನಾನು ಬಟ್ಟೆಯನ್ನು ಸಡಿಲವಾಗಿ ಹಾಸಿ, ಹೆಬ್ಬೆರಳನ್ನು ಕೋಲಿನ ತುದಿಗೇ ಇಟ್ಟು, ಒಂದೊಂದು ವಾರವನ್ನೂ ಗಟ್ಟಿಯಾಗಿ ಎಣಿಸುತ್ತ ಅಳೆದೆ. ಇನ್ಸ್‌ಪೆಕ್ಟರು ಮತ್ತೆ ಅಳೆದು ನೋಡಿದರೆ ಎರಡು ಬೆರಳು ಹೆಚ್ಚೇ ಇತ್ತು. ನನ್ನ ಜೀವಮಾನದಲ್ಲಿ ಅಷ್ಟು ಸರಿಯಾಗಿ ಬಟ್ಟೆ ಅಳೆದು ಅಷ್ಟು ದೊಡ್ಡ ಸುಳ್ಳು ಹೇಳಿದ್ದು ಇನ್ನೊಂದಿಲ್ಲ.

"ಸಾರ್, ದಿನಾ ಹೀಗೆ ಅಳೆಯಲ್ಲ ಇವನು" ಎಂದರು ಅಕ್ಕ.

ಇನ್ಸ್‌ಪೆಕ್ಟರು ನನ್ನನ್ನೇ ಕೇಳಿದರು. "ಹೇಳಪ್ಪ, ದಿನಾ ಹೀಗೇ ಅಳೀತೀಯಾ?"

"ಹೌದು ಸಾರ್, ಹೀಗೇ."

ಅವರು ಪಾಪ, ಇನ್ನೇನು ಮಾಡಿಯಾರು. ಕಂಡದ್ದನ್ನು ಬರೆದುಕೊಂಡು ಹೋದರು. ಅಕ್ಕ ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದರು. ಜನ ದಾರಿ ಬಿಟ್ಟರು. ಆ ದಾರಿ ಬಿಟ್ಟದ್ದರಲ್ಲಿ ಗೌರವ ಇರಲಿಲ್ಲ. ಅಂದು ಸಂಜೆ ಸಾಹುಕಾರರು ನನಗೆ ಒಂದು ಪಂಚೆ ಕೊಟ್ಟರು. ನಾನು ತೆಗೆದುಕೊಂಡೆ.

ಮುಂದಿನ ಕೆಲವು ತಿಂಗಳು ಅಕ್ಕನ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿಯೇ ಇರುತ್ತಿತ್ತು. ಬಟ್ಟೆ ಕೊಟ್ಟವರೂ ತುಂಡು ತುಣುಕುಗಳನ್ನೆಲ್ಲ ವಾಪಸು ಕೇಳುತ್ತಿದ್ದರು. ಮಗಳಿಗೆ ಶಾಲೆಯಲ್ಲಿ ಯಾರೋ ಸ್ಯಾಟಿನ್ ಎಂದು ಅಡ್ಡಹೆಸರಿಟ್ಟರು. ಅವರು ಊರು ಬಿಟ್ಟು ಹೋಗುತ್ತಾರೆ ಎಂದು ನಾನು ಕಾಯುತ್ತಿದ್ದೆ. ಹೋದರೆ ಸಾಕು ಅನ್ನಿಸುತ್ತಿತ್ತು, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಅವರು ಹೋಗಲಿಲ್ಲ. ದೂರನ್ನೂ ಮತ್ತೆ ಬರೆಯಲಿಲ್ಲ. ಒಂದು ಹೊಸ ಪದ್ಧತಿ ಇಟ್ಟರು. ಯಾರೇ ಬಟ್ಟೆ ತಂದರೂ ಕಟ್ಟನ್ನು ತಾವು ಮುಟ್ಟುತ್ತಿರಲಿಲ್ಲ. ಜಗುಲಿಯ ಮೇಲೆ ಚಾಪೆ ಹಾಸಿ, ಗಜದ ಕೋಲು ಕೊಟ್ಟು, ನೀವೇ ಬಿಚ್ಚಿ ನೀವೇ ಅಳೆದು ಕೊಡಿ ಅನ್ನುವರು. ಮೊದಲು ಹಾಗೆ ಅಳೆದದ್ದು ಪೋಸ್ಟ್‌ಮ್ಯಾನನ ಹೆಂಡತಿ. ನಾಲ್ಕು ವಾರದಲ್ಲಿ ಐದಾರು ಇಂಚು ಕಡಿಮೆ. ಅಕ್ಕ ನಮ್ಮ ಅಂಗಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಕತ್ತರಿಸದ ಬಟ್ಟೆಯನ್ನು ಹಾಗೆಯೇ, ಕೊಂಡ ಚೀಟಿಯ ಜೊತೆ, ಇವತ್ತೇ ಅಂಗಡಿಗೆ ತೆಗೆದುಕೊಂಡು ಹೋಗಿ ಎಂದರಂತೆ. ಬೈದರೆ ಅಂಗಡಿಯವನು ಬೈಗುಳಕ್ಕೆ ಉತ್ತರ ಕೊಡುತ್ತಾನೆ, ಬಟ್ಟೆಗೆ ಕೊಡುವುದಿಲ್ಲ. ಏನು ಕೊಂಡೆ, ಎಷ್ಟು ಕಡಿಮೆ ಇದೆ, ಈಗ ಏನು ಬೇಕು, ಈ ಮೂರನ್ನೇ ಹೇಳಿ ಸುಮ್ಮನೆ ನಿಲ್ಲಿ ಎಂದು ಕಲಿಸಿ ಕಳುಹಿಸಿದ್ದರು.

ಪೋಸ್ಟ್‌ಮ್ಯಾನನ ಹೆಂಡತಿ ಹಾಗೆಯೇ ಬಂದು ನಿಂತರು. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಆಕೆ ಮೂರು ಮಾತು ಹೇಳಿ ಸುಮ್ಮನಾದರು. ಸಾಹುಕಾರರು ಕೈಸನ್ನೆ ಮಾಡಿದರು, ನಾನು ಬೇರೆ ಬಟ್ಟೆ ಅಳೆದುಕೊಟ್ಟೆ. ಮುಂದಿನ ವಾರ ಇಬ್ಬರು ಬಂದರು. ಆಮೇಲೆ ವಾರವಾರವೂ. ಎಲ್ಲರದೂ ಅವೇ ಮೂರು ಮಾತು. ಬೇರೆ ಅಂಗಡಿಗಳಿಗೂ ಹೆಂಗಸರು ಹೀಗೆ ಹೋಗತೊಡಗಿದರು, ಸೋರುವ ಸ್ಟೌ ಹಿಡಿದುಕೊಂಡು, ಬಣ್ಣ ಬಿಟ್ಟ ಸೀರೆ ಹಿಡಿದುಕೊಂಡು. ಮಳೆಗಾಲ ಮುಗಿಯುವುದರೊಳಗೆ ಸಾಹುಕಾರರು ನಮ್ಮ ಮೂವರನ್ನೂ ಕರೆದು, ಇನ್ನು ಮೇಲೆ ಬೆರಳು ಕೋಲಿನ ತುದಿಯಲ್ಲೇ ಇರಲಿ ಎಂದರು. ಏಕೆಂದು ಹೇಳಲಿಲ್ಲ. ಅಕ್ಕನ ಮಿಷನ್ ಮತ್ತೆ ಓಡತೊಡಗಿತು. ಆದರೆ ನಿಮ್ಮ ಮೇಲೆ ತಪ್ಪು ಹೊರಿಸಿದೆವು ಎಂದು ಪೇಟೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಕ್ಕಬೆಯ ಅಮ್ಮನವರು ಆಮೇಲೆ ಬಟ್ಟೆಗೆ ಮಡಿಕೇರಿಗೆ ಹೋಗುತ್ತಿದ್ದರು. ಪೇಟೆಯ ಈ ಸುದ್ದಿ ಆ ಗುಡ್ಡ ಹತ್ತಲಿಲ್ಲ.

ಕೊಡಗು ಮೈಸೂರಿಗೆ ಸೇರುತ್ತದಂತೆ ಎಂಬ ಮಾತು ಎಲ್ಲರ ಬಾಯಲ್ಲಿದ್ದ ದಿನಗಳಲ್ಲಿ ನಾನು ಆ ಅಂಗಡಿ ಬಿಟ್ಟೆ. ಊರು ಬಿಡುವ ಮೊದಲು ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಅವರು ಒಂದು ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಸ್ಯಾಟಿನ್ನಿನಿಂದ ಹಿಡಿದು ಪಂಚೆಯವರೆಗೆ. ಅವರು ಕೈ ನಿಲ್ಲಿಸಲಿಲ್ಲ. ಕಾಜ ಮುಗಿದ ಮೇಲೆ ಹಲ್ಲಿನಲ್ಲಿ ದಾರ ಕಡಿದು ತಲೆಯೆತ್ತಿದರು.

"ಗೊತ್ತು ಕಣಪ್ಪ. ಇನ್ಸ್‌ಪೆಕ್ಟರ ಮುಂದೆ ಅಳೆಯೋವಾಗ ನೀನು ಒಂದೊಂದು ವಾರಾನೂ ಗಟ್ಟಿಯಾಗಿ ಎಣಿಸ್ತಿದ್ದೆ. ದಿನಾ ಹಾಗೆ ಅಳೆಯೋನಿಗೆ ಎಣಿಸೋದು ಯಾಕೆ ಬೇಕು?"

"ತಪ್ಪಾಯ್ತಕ್ಕ" ಎಂದೆ.

"ನನಗೆ ಹೇಳಿ ಏನು ಬಂತು? ಗೊತ್ತಿದ್ದೋಳಿಗೇ ಹೇಳ್ತಿದ್ದೀಯ. ಗೊತ್ತಿಲ್ಲದೋರಿಗೆ ಹೇಳು. ಕಕ್ಕಬೆಗೆ ಹೋಗಿ ಆ ಅಮ್ಮನಿಗೆ ಹೇಳಿ ಬಾ. ಅವರೇನು ಕೆಟ್ಟೋರಲ್ಲ, ಮೋಸ ಹೋದೋರು. ಅವರು ಮಾತ್ರ ಇನ್ನೂ ನಾನೇ ಕದ್ದೆ ಅಂದ್ಕೊಂಡಿದಾರೆ."

ಮುಂದಿನ ವಾರವೇ ಹೋಗುತ್ತೇನೆ ಎಂದೆ. ಅಕ್ಕ ಕಾಫಿ ಕೊಟ್ಟರು. ಮೈ ಹಗುರಾಗಿ ಓಣಿಯಲ್ಲಿ ನಡೆದು ಬಂದದ್ದು ನೆನಪಿದೆ. ಆ ಹಗುರ ಸುಳ್ಳು ಎಂದು ಆಗ ಗೊತ್ತಾಗಲಿಲ್ಲ.

ಮುಂದಿನ ವಾರ ಮಳೆ ಎಂದು ಹೋಗಲಿಲ್ಲ. ಆಮೇಲೆ ಮದುವೆಯಾಯಿತು. ಕುಶಾಲನಗರದಲ್ಲಿ ಚಿಕ್ಕದೊಂದು ಬಟ್ಟೆ ಅಂಗಡಿ ಹಾಕಿದೆ. ಪ್ರತಿ ಗಿರಾಕಿಗೂ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸುತ್ತಿದ್ದೆ. ಧರ್ಮದ ಅಂಗಡಿ ಎಂದು ಹೆಸರಾಯಿತು. ಜನ ಹಾಗೆ ಹೊಗಳಿದಾಗ ನಾನು ಥಾನು ಮಡಿಚುವ ನೆವದಲ್ಲಿ ಬೆನ್ನು ತಿರುಗಿಸುತ್ತಿದ್ದೆ. ಕಕ್ಕಬೆಗೆ ಕುಶಾಲನಗರದಿಂದ ಹೋಗಿ ಬರುವುದು ಒಂದು ದಿನದ ಕೆಲಸ. ಆ ಒಂದು ದಿನ ನನಗೆ ವರ್ಷಗಟ್ಟಲೆ ಸಿಗಲಿಲ್ಲ. ಆ ಅಮ್ಮನವರು ಏನು ಅನ್ನುತ್ತಾರೋ, ಯಾರ ಮುಂದೆ ಅನ್ನುತ್ತಾರೋ, ಸುದ್ದಿ ನನ್ನ ಅಂಗಡಿಯ ತನಕ ಬರುತ್ತದೋ ಎಂದು ಲೆಕ್ಕ ಹಾಕುತ್ತಿದ್ದೆ.

ಒಮ್ಮೆ ಅಕ್ಕ ಮಗಳ ಬಾಣಂತನಕ್ಕೆ ಹೋಗುವ ದಾರಿಯಲ್ಲಿ ನನ್ನ ಅಂಗಡಿಗೆ ಬಂದರು. ಮಗುವಿನ ಅಂಗಿಗೆ ಎರಡು ವಾರ ಮಲ್ಲು ಕೇಳಿದರು. ನಾನು ಅಳೆಯುವಷ್ಟು ಹೊತ್ತೂ ಅವರು ನನ್ನ ಕೈ ನೋಡಲಿಲ್ಲ. ಬೇಕೆಂದೇ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ಹೆಂಡತಿ ಮಕ್ಕಳನ್ನು ವಿಚಾರಿಸಿದರು. ಕಕ್ಕಬೆಯ ಮಾತು ಎತ್ತಲಿಲ್ಲ. ಎತ್ತದಿದ್ದದ್ದನ್ನು ನಾನು ಕ್ಷಮೆ ಎಂದು ತೆಗೆದುಕೊಂಡೆ. ನನಗೆ ಅನುಕೂಲವಾಗಿದ್ದದ್ದು ಅದೇ.

ತೀರಿಕೊಂಡ ಸುದ್ದಿ ಬಂದದ್ದು ವಿರಾಜಪೇಟೆಯಿಂದ ಬಂದ ಒಬ್ಬ ಗಿರಾಕಿಯಿಂದ. ಆಗಲೇ ಒಂದು ವಾರವಾಗಿತ್ತು. ನಾಲ್ಕು ದಿನ ಒದ್ದಾಡಿ, ಐದನೆಯ ದಿನ ಅಂಗಡಿಗೆ ಬೀಗ ಹಾಕಿ ಕಕ್ಕಬೆಗೆ ಹೋದೆ.

ಅಮ್ಮನವರಿಗೆ ವಯಸ್ಸಾಗಿತ್ತು. ಅಂಗಳದಲ್ಲಿ ಕರಿಮೆಣಸು ಒಣಹಾಕಿಸಿ, ಜಗುಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿದೆ. ಯಾವ ಬಟ್ಟೆ, ಯಾವ ಮದುವೆ ಎಂದು ಹೇಳಿದೆ. ಅವರಿಗೆ ಎಲ್ಲ ನೆನಪಿತ್ತು. ಬೆರಳು ಹೇಗೆ ಜಾರಿಸುತ್ತಿದ್ದೆ ಎಂದು ನನ್ನ ಪಂಚೆಯ ಅಂಚಿನಲ್ಲೇ ತೋರಿಸಿದೆ.

"ಅವರು ಈಗ ಎಲ್ಲಿದ್ದಾರೆ?"

"ಹೋಗಿಬಿಟ್ರಮ್ಮ. ಹನ್ನೆರಡು ದಿನ ಆಯ್ತು."

ಅಮ್ಮನವರು ಕುರ್ಚಿಯ ಕೈ ಹಿಡಿದುಕೊಂಡರು. "ಆ ದಿವಸ ನಾನು ಎಂತ ಹೇಳಿದೆ ಗೊತ್ತುಂಟಾ ನಿಮಗೆ? ಮಗು ಊಟ ಮಾಡ್ತಾ ಇತ್ತು. ಅದರ ಎದುರೇ ಕಳ್ಳಿ ಅಂತ ಹೇಳಿದೆ. ಅವರು ತಿರುಗಿ ಒಂದು ಮಾತು ಹೇಳ್ಲಿಲ್ಲ."

ತಪ್ಪಾಯ್ತು ಎಂಬ ಮಾತು ಬಾಯಿಗೆ ಬಂತು. ಯಾರಿಗೆ ಹೇಳುವುದೆಂದು ತಿಳಿಯದೆ ನುಂಗಿಕೊಂಡೆ.

"ಇಷ್ಟು ವರ್ಷ ನೀವು ಎಲ್ಲಿದ್ರಿ?"

"ಕುಶಾಲನಗರದಲ್ಲಿ."

"ಅಷ್ಟೇ ದೂರವಾ?" ಎಂದರು. ಅಂಗಳದ ಮೆಣಸಿನ ಕಡೆ ತಿರುಗಿ, ನನಗಲ್ಲ ಎಂಬಂತೆ ಹೇಳಿದರು: "ಹೋದ ತಿಂಗಳು ಬಂದಿದ್ರೆ ನಾನೇ ಜೀಪು ತೆಗೆಸಿಕೊಂಡು ಹೋಗ್ತಿದ್ದೆ. ಅವರ ಕಾಲು ಹಿಡೀತಿದ್ದೆ. ನೀವು ನನಗೆ ಅದೂ ಇಲ್ಲದ ಹಾಗೆ ಮಾಡಿದ್ರಲ್ಲ."

ಅವರು ಎದ್ದು ಒಳಗೆ ಹೋದರು. ಮತ್ತೆ ಬರುತ್ತಾರೆಂದು ನಾನು ಅಂಗಳದಲ್ಲೇ ನಿಂತಿದ್ದೆ. ಬಂದದ್ದು ಕೆಲಸದವಳು, ಕೈಯಲ್ಲಿ ಕಾಫಿ ಲೋಟ ಹಿಡಿದು. ಅಮ್ಮ ಬರುವುದಿಲ್ಲವಂತೆ, ದೂರದಿಂದ ಬಂದವರು, ಕುಡಿದು ಹೋಗಬೇಕಂತೆ ಎಂದಳು. ಅಕ್ಕನ ಮಗಳು ಈಗ ಯಾವ ಊರಲ್ಲಿದ್ದಾಳೆ, ಹೇಳಿ ಹೋಗಬೇಕಂತೆ ಎಂದೂ ಹೇಳಿದಳು. ಊರಿನ ಹೆಸರು ನನಗೆ ಗೊತ್ತಿರಲಿಲ್ಲ. ಅವತ್ತು ಅಂಗಡಿಯಲ್ಲಿ ಮಲ್ಲು ಅಳೆದುಕೊಡುವಾಗ, ಬಾಣಂತನಕ್ಕೆ ಎಲ್ಲಿಗೆ ಹೋಗುತ್ತಿದ್ದೀರಿ ಅಕ್ಕ ಎಂದು ಕೇಳುವಷ್ಟು ಹೊತ್ತೂ ಅವರು ಎದುರಿಗೆ ಇರುವುದನ್ನು ನಾನು ಸಹಿಸಿರಲಿಲ್ಲ.